ಅಸ್ತು ಎನ್ನುವ ಕುರ್ಚಿಯಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಅಧ್ಯಯನ ಕೂಟದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯ ಕೊನೆಯಲ್ಲಿ, ನೂಲು ಸುತ್ತುವ ವಿಭಾಗದಲ್ಲಿ ದುಡಿಯುವ ಸೋದರಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನಮ್ಮವರಲ್ಲಿ ಒಬ್ಬರು ಮೇಲೇರಿ ಮೇಜಿನ ಆ ಬದಿಗೆ ಹೋಗಿ ಕುಳಿತರೆ, ಈ ಬದಿಯಲ್ಲಿ ನಿಂತವರಿಗೆ ಬಂದದ್ದೇನು?" ಎಂದು. ಎರಡನೇ ಪಾಳಿಯವರು ಹೊರಡುವ ಹೊತ್ತಾಗಿತ್ತು. ಉತ್ತರ ಬಾಕಿ ಉಳಿಯಿತು. ಆ ಬಾಕಿಯನ್ನು ಇಂದು ತೀರಿಸಲು ನಿಂತಿದ್ದೇವೆ.

ಊರಿನ ಉದಾಹರಣೆಯನ್ನೇ ಎತ್ತಿಕೊಳ್ಳಬಹುದಾಗಿತ್ತು. ಆದರೆ ಹಾಗೆ ಮಾಡಿದರೆ ವಿಚಾರ ಹಿಂದಾಗಿ ಮುಖಗಳು ಮುಂದೆ ಬರುತ್ತವೆ. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳವೇ ಸಭೆಯನ್ನು ತಿಂದುಹಾಕುತ್ತದೆ. ಆದುದರಿಂದ ದೂರದ ಒಂದು ಉದಾಹರಣೆಯನ್ನು ತಂದಿದ್ದೇವೆ. ಸಹಾಯಕಿಯಾಗಿ ಸೇರಿ ಅಮೆರಿಕದ ಟೆಲಿವಿಷನ್ ಉದ್ಯಮದ ಮೇಲಿನ ಗದ್ದುಗೆಯವರೆಗೆ ಹೋದ ಚಾನಿಂಗ್ ಡಂಜಿ ಎಂಬ ಕಪ್ಪು ಹೆಣ್ಣುಮಗಳ ವೃತ್ತಿಜೀವನ ಅದು.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ೧೯೫೦ರಲ್ಲಿ ಎ.ಬಿ.ಸಿ. ಎಂಬ ಅಮೆರಿಕದ ಟೆಲಿವಿಷನ್ ಜಾಲವು 'ಬ್ಯೂಲಾ' ಎಂಬ ಹಾಸ್ಯ ಧಾರಾವಾಹಿಯನ್ನು ಆರಂಭಿಸಿತು. ಅದರ ಮುಖ್ಯ ಪಾತ್ರ ಒಬ್ಬ ಕಪ್ಪು ಹೆಂಗಸು. ಎಥೆಲ್ ವಾಟರ್ಸ್ ಎಂಬ ದೊಡ್ಡ ಗಾಯಕಿ ಆ ಪಾತ್ರವನ್ನು ಮೊದಲು ವಹಿಸಿದರು. ಪಾತ್ರವಾದರೂ ಎಂತಹುದು? ಬಿಳಿಯರ ಮನೆಯಲ್ಲಿ ಅಡಿಗೆ ಮಾಡುವ, ಯಜಮಾನರ ಮನೆಯ ತಾಪತ್ರಯಗಳನ್ನು ನಗುನಗುತ್ತ ಬಗೆಹರಿಸುವ ಕೆಲಸದಾಕೆಯ ಪಾತ್ರ! ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಸಂಘಗಳು ಇದನ್ನು ಪ್ರತಿಭಟಿಸಿದವು. ಕಪ್ಪು ಹೆಂಗಸು ಟೆಲಿವಿಷನ್ನಿನಲ್ಲಿ ಕಾಣಬಹುದು, ಆದರೆ ಸೌಟು ಹಿಡಿದೇ ಕಾಣಬೇಕು ಎಂಬುದು ಅಂದಿನ ಅಲಿಖಿತ ಕಾಯಿದೆ.

ಇದೇ ಎ.ಬಿ.ಸಿ. ಜಾಲದ ಮನರಂಜನಾ ವಿಭಾಗಕ್ಕೆ ೨೦೧೬ರ ಫೆಬ್ರವರಿಯಲ್ಲಿ ಚಾನಿಂಗ್ ಡಂಜಿ ಅಧ್ಯಕ್ಷೆಯಾದರು. ಅಮೆರಿಕದ ದೊಡ್ಡ ಪ್ರಸಾರ ಜಾಲವೊಂದರಲ್ಲಿ ಅಂತಹ ಕುರ್ಚಿಯಲ್ಲಿ ಕುಳಿತ ಮೊದಲನೆಯ ಕಪ್ಪು ವ್ಯಕ್ತಿ, ಗಂಡಾಗಲಿ ಹೆಣ್ಣಾಗಲಿ, ಅವರೇ. ಅಡಿಗೆಮನೆಯಿಂದ ಅಧ್ಯಕ್ಷರ ಕೊಠಡಿಗೆ ಹೋಗಲು ಅರುವತ್ತೈದು ವರ್ಷ ಹಿಡಿಯಿತು.

ಡಂಜಿಯವರು ಹುಟ್ಟಿದ್ದು ೧೯೬೯ರಲ್ಲಿ, ಕ್ಯಾಲಿಫೋರ್ನಿಯದ ರಾಜಧಾನಿ ಸ್ಯಾಕ್ರಮೆಂಟೊ ನಗರದಲ್ಲಿ. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಸಿನಿಮಾ ನಾಟಕಗಳ ವಿಷಯವನ್ನು ಓದಿ ೧೯೯೧ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ತಂಗಿ ಮೆರಿನ್ ನಟಿಯಾದರು, ತೆರೆಯ ಮೇಲೆ ಕಂಡರು. ಅಕ್ಕ ಆರಿಸಿಕೊಂಡದ್ದು ಯಾರ ಕಣ್ಣಿಗೂ ಬೀಳದ ಕೆಲಸವನ್ನು.

ಆ ಕೆಲಸಕ್ಕೆ ಅಲ್ಲಿ 'ಡೆವಲಪ್‌ಮೆಂಟ್' ಎಂದು ಹೆಸರು. ಕಥೆಯನ್ನು ಹುಡುಕಿ ಬೆಳೆಸುವ ಕೆಲಸ ಎನ್ನೋಣ. ಸಭೆಯಲ್ಲಿ ಕುಳಿತಿರುವ ಜವಳಿ ಅಂಗಡಿಯ ಮಿತ್ರರಿಗೆ ಇದು ಬೇಗ ತಿಳಿಯುತ್ತದೆ. ಹಬ್ಬಕ್ಕೆ ಮೂರು ತಿಂಗಳು ಮೊದಲೇ ನೀವು ನಮೂನೆಗಳನ್ನು ನೋಡುತ್ತೀರಿ. ನೂರು ನಮೂನೆ ತಿರುವಿ ಹಾಕಿ ಹತ್ತನ್ನು ತೆಗೆದಿಡುತ್ತೀರಿ. ಹತ್ತರಲ್ಲಿ ಎರಡಕ್ಕೆ ಹಣ ಹೂಡುತ್ತೀರಿ. ಆ ಎರಡು ಹೋದರೆ ಹಬ್ಬ, ಹೋಗದಿದ್ದರೆ ವರ್ಷವೆಲ್ಲ ಸಾಲ. ಟೆಲಿವಿಷನ್ ಜಾಲಗಳಲ್ಲೂ ಬಹುಕಾಲ ನಡೆದು ಬಂದದ್ದು ಇದೇ ಕ್ರಮ. ಬೇಸಿಗೆಯಲ್ಲಿ ಲೇಖಕರು ಬಂದು ಬಾಯಿಮಾತಿನಲ್ಲಿ ಕಥೆಯ ಬೀಜವನ್ನು ಹೇಳುತ್ತಾರೆ. ನೂರಾರು ಬೀಜಗಳಲ್ಲಿ ಕೆಲವಕ್ಕೆ ಹಣ ಕೊಟ್ಟು ಪೂರ್ತಿ ಬರೆಯಿಸುತ್ತಾರೆ. ಅವುಗಳಲ್ಲಿ ಕೆಲವೇ ಕೆಲವನ್ನು ಮಾದರಿ ಕಂತಾಗಿ ಚಿತ್ರೀಕರಿಸುತ್ತಾರೆ. ಒಂದು ಮಾದರಿ ಕಂತಿಗೆ ತಗಲುವುದು ಲಕ್ಷಗಳಲ್ಲ, ಅನೇಕ ದಶಲಕ್ಷ ಡಾಲರು. ಮೇ ತಿಂಗಳಲ್ಲಿ ಜಾಹೀರಾತುದಾರರನ್ನು ಕರೆದು ಮುಂದಿನ ವರ್ಷದ ಸರಕನ್ನು ತೋರಿಸುತ್ತಾರೆ. ಆ ಹೊತ್ತಿಗೆ ಉಳಿದಿರುವುದು ಬೆರಳೆಣಿಕೆಯಷ್ಟು ಧಾರಾವಾಹಿಗಳು. ಉಳಿದವೆಲ್ಲ ಕಪಾಟಿಗೆ.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಪ್ರತಿಯೊಂದು ಮೆಟ್ಟಿಲಲ್ಲೂ ಯಾರೋ ಒಬ್ಬರು ಕುಳಿತು 'ಅಸ್ತು' ಎನ್ನಬೇಕು. ಅವರು 'ಬೇಡ' ಎಂದರೆ ಆ ಕಥೆ ಹುಟ್ಟಲೇ ಇಲ್ಲವೆಂದು ಅರ್ಥ. ಹುಟ್ಟದ ಕಥೆಗೆ ಅಳುವವರಿಲ್ಲ, ಅದರ ಲೆಕ್ಕವೂ ಇಲ್ಲ. ಆ ಕುರ್ಚಿಗಳಲ್ಲಿ ಒಂದೇ ಬಗೆಯ ಜನ ದಶಕಗಟ್ಟಲೆ ಕುಳಿತಿದ್ದರೆ, ಒಂದೇ ಬಗೆಯ ಕಥೆಗಳು ಹುಟ್ಟುತ್ತವೆ. ಇದಕ್ಕೆ ದೊಡ್ಡ ಪಿತೂರಿಯೇನೂ ಬೇಕಿಲ್ಲ. "ಇದನ್ನು ಯಾರು ನೋಡುತ್ತಾರೆ?" ಎಂಬ ಒಂದು ಮಾತು ಸಾಕು.

ಡಂಜಿಯವರು ಈ ಏಣಿಯನ್ನು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಿದರು. ಮೊದಲು ಒಂದು ಚಿತ್ರ ಸಂಸ್ಥೆಯಲ್ಲಿ ಸಹಾಯಕಿ. ಆಮೇಲೆ ಹೊಡೆದಾಟದ ಚಿತ್ರಗಳ ನಟ ಸ್ಟೀವನ್ ಸೀಗಲ್ ಅವರ ನಿರ್ಮಾಣ ಸಂಸ್ಥೆಯಲ್ಲಿ ಕಥಾ ಸಂಪಾದಕಿ. ಆ ಬಳಿಕ ವಾರ್ನರ್ ಬ್ರದರ್ಸ್ ಸಂಸ್ಥೆಯ ಚಲನಚಿತ್ರ ವಿಭಾಗದಲ್ಲಿ ಅಧಿಕಾರಿ. 'ಹೀಟ್', 'ದ ಮೇಟ್ರಿಕ್ಸ್' ಮುಂತಾದ ಚಿತ್ರಗಳ ಕೆಲಸದಲ್ಲಿ ಅವರ ಕೈಯಿತ್ತು. ೧೯೯೮ರಿಂದ ಕೆಲವು ಕಾಲ ಒಂದು ಸಣ್ಣ ನಿರ್ಮಾಣ ಸಂಸ್ಥೆಯನ್ನು ನಡೆಸಿದರು, ಮುಂದೆ ತಮ್ಮದೇ ಒಂದು ಸಂಸ್ಥೆಯನ್ನೂ ಕಟ್ಟಿ ನೋಡಿದರು. ೨೦೦೪ರಲ್ಲಿ ಡಿಸ್ನಿ ಕಂಪೆನಿಗೆ ಸೇರಿದ ಟೆಲಿವಿಷನ್ ನಿರ್ಮಾಣ ಶಾಖೆಗೆ ಬಂದರು. ೨೦೦೯ರಲ್ಲಿ ಎ.ಬಿ.ಸಿ. ಜಾಲದ ಗಂಭೀರ ಧಾರಾವಾಹಿಗಳ ಹೊಣೆ ಅವರ ಹೆಗಲಿಗೆ ಬಿತ್ತು.

ಅಲ್ಲಿಂದ ಏನಾಯಿತೆಂಬುದನ್ನು ನೋಡಿ. ೨೦೧೨ರಲ್ಲಿ 'ಸ್ಕ್ಯಾಂಡಲ್' ಬಂದಿತು. ಬರೆದವರು ಶೋಂಡಾ ರೈಮ್ಸ್ ಎಂಬ ಕಪ್ಪು ಲೇಖಕಿ, ನಾಯಕಿ ಕೆರಿ ವಾಷಿಂಗ್ಟನ್ ಎಂಬ ಕಪ್ಪು ನಟಿ. ೧೯೭೪ರ ಒಂದು ಪೊಲೀಸು ಧಾರಾವಾಹಿಯ ತರುವಾಯ, ಸುಮಾರು ಮೂವತ್ತೆಂಟು ವರ್ಷಗಳ ಕಾಲ, ದೊಡ್ಡ ಜಾಲಗಳ ಗಂಭೀರ ಧಾರಾವಾಹಿಯೊಂದರ ಭಾರವನ್ನು ಕಪ್ಪು ನಾಯಕಿಯೊಬ್ಬಳು ಹೊತ್ತು ಗೆದ್ದದ್ದೇ ಇರಲಿಲ್ಲ. ಮೂವತ್ತೆಂಟು ವರ್ಷ! ಆ ಅವಧಿಯಲ್ಲಿ ಎಷ್ಟು ನಟಿಯರು ಕೆಲಸದಾಕೆಯಾಗಿ, ದಾದಿಯಾಗಿ, ನಾಯಕಿಯ ಗೆಳತಿಯಾಗಿ ಮುದುಕಿಯರಾಗಿರಬೇಕು! ೨೦೧೪ರಲ್ಲಿ 'ಹೌ ಟು ಗೆಟ್ ಅವೇ ವಿತ್ ಮರ್ಡರ್' ಬಂದಿತು. ಅದರಲ್ಲಿ ವಕೀಲೆಯ ಪಾತ್ರ ಮಾಡಿದ ವಯೋಲಾ ಡೇವಿಸ್ ಅವರಿಗೆ ೨೦೧೫ರಲ್ಲಿ ಎಮಿ ಪ್ರಶಸ್ತಿ ದೊರೆಯಿತು. ಗಂಭೀರ ಧಾರಾವಾಹಿಯ ನಾಯಕಿಗೆ ಸಲ್ಲುವ ಆ ಪ್ರಶಸ್ತಿಯನ್ನು ಪಡೆದ ಮೊದಲ ಕಪ್ಪು ಹೆಣ್ಣು ಆಕೆ. ಅದೇ ೨೦೧೫ರಲ್ಲಿ 'ಕ್ವಾಂಟಿಕೊ' ಧಾರಾವಾಹಿಯಲ್ಲಿ ನಮ್ಮ ದೇಶದ ಪ್ರಿಯಾಂಕ ಚೋಪ್ರಾ ನಾಯಕಿಯಾದರು. ಆಕೆ ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಊರಾದ ಜೆಮ್‌ಶೆಡ್‌ಪುರದಲ್ಲಿ ಎಂಬುದನ್ನು ಗಿರಣಿಯವರಿಗೆ ನೆನಪಿಸುತ್ತೇವೆ.

ಇವೆಲ್ಲವನ್ನೂ ಡಂಜಿ ಒಬ್ಬರೇ ಮಾಡಿದರೆಂದು ಹೇಳಿದರೆ ತಪ್ಪಾಗುತ್ತದೆ. ಬರೆದವರು ಬೇರೆ, ನಟಿಸಿದವರು ಬೇರೆ, ಬೆಳಕು ಹಿಡಿದು ಹಲಗೆ ಬಡಿದವರು ಬೇರೆ. ಆದರೆ ಅಸ್ತು ಎನ್ನಬೇಕಾದ ಕಡೆಯಲ್ಲಿ ಅವರಿದ್ದರು, ಅಸ್ತು ಎಂದರು. ಸೋದರಿಯ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇದು. ಕುರ್ಚಿಯಲ್ಲಿ ಯಾರು ಕೂತಿದ್ದಾರೆಂಬುದರಿಂದ ವ್ಯತ್ಯಾಸ ಆಗಿಯೇ ಆಗುತ್ತದೆ. ಆಗುವುದಿಲ್ಲ ಎನ್ನುವವರು ಆ ಮೂವತ್ತೆಂಟು ವರ್ಷಗಳ ಲೆಕ್ಕವನ್ನು ಕೊಡಬೇಕು.

ಈಗ ಉಳಿದ ಅರ್ಧಕ್ಕೆ ಬರೋಣ.

ಅಧ್ಯಕ್ಷೆಯಾದ ವರ್ಷವೇ, ೨೦೧೬ರ ಡಿಸೆಂಬರಿನಲ್ಲಿ, ಲಂಡನ್ನಿನ ಒಂದು ಸಭೆಯಲ್ಲಿ ಡಂಜಿಯವರು ಒಂದು ಮಾತನ್ನು ಒಪ್ಪಿಕೊಂಡರು. ನಮ್ಮ ಧಾರಾವಾಹಿಗಳ ತುಂಬ ಚೆನ್ನಾಗಿ ಓದಿಕೊಂಡ, ಒಳ್ಳೆಯ ಕಾರು ಓಡಿಸುವ, ಬಹಳ ಚೆಂದದ ಮನೆಗಳಲ್ಲಿ ವಾಸಿಸುವ ಸ್ಥಿತಿವಂತರೇ ಇದ್ದಾರೆ, ಸಾಮಾನ್ಯ ಅಮೆರಿಕನ್ನರ ಬದುಕಿನ ನಿಜವನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂಬುದು ಅವರ ಮಾತಿನ ಸಾರ. ಟ್ರಂಪ್ ಚುನಾವಣೆಯಲ್ಲಿ ಗೆದ್ದ ಮರುತಿಂಗಳು ಆಡಿದ ಮಾತಿದು. ಬಣ್ಣದ ಬಾಗಿಲು ತೆರೆದ ಮೇಲೂ ಇನ್ನೊಂದು ಬಾಗಿಲು ಮುಚ್ಚಿಯೇ ಇದೆ ಎಂಬುದು ಕುರ್ಚಿಯಲ್ಲಿ ಕುಳಿತವರಿಗೇ ಕಾಣಿಸಿತ್ತು. ಆ ಇನ್ನೊಂದು ಬಾಗಿಲು ದುಡಿಯುವವರದು.

ಅದನ್ನು ತೆರೆಯಲು ಅವರು ಕೈಹಾಕಿದ್ದು 'ರೋಸನ್' ಎಂಬ ಹಳೆಯ ಧಾರಾವಾಹಿಗೆ. ೧೯೮೮ರಿಂದ ೧೯೯೭ರವರೆಗೆ ನಡೆದ ಹಾಸ್ಯ ಧಾರಾವಾಹಿ ಅದು. ಅದರ ನಾಯಕಿ ರೋಸನ್ ಮೊದಲು ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹೊಸದಾಗಿ ಬಂದ ಮೇಲಧಿಕಾರಿ ದಿನದ ಉತ್ಪತ್ತಿಯ ಗುರಿಯನ್ನು ಏರಿಸಿದಾಗ ಆಕೆಯೂ ಜೊತೆಗಾತಿಯರೂ ಕೆಲಸ ಬಿಟ್ಟು ಹೊರನಡೆಯುತ್ತಾರೆ. ತಿಂಗಳ ಕೊನೆಗೆ ಯಾವ ಬಿಲ್ಲನ್ನು ಕಟ್ಟುವುದು, ಯಾವುದನ್ನು ತಡೆಹಿಡಿಯುವುದು ಎಂದು ಅಡಿಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕುವ ಸಂಸಾರ. ಅಂತಹ ಸಂಸಾರ ಅಮೆರಿಕದ ಟೆಲಿವಿಷನ್ನಿನಲ್ಲಿ ಅಪರೂಪ. ೨೦೧೮ರ ಮಾರ್ಚ್ ೨೭ರಂದು ಅದು ಮತ್ತೆ ಆರಂಭವಾದ ರಾತ್ರಿ ೧ ಕೋಟಿ ೮೦ ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಜಾಹೀರಾತಿನ ಹಣ ಹರಿದು ಬರುವ ಲಕ್ಷಣ ಕಂಡಿತು.

ಎರಡೇ ತಿಂಗಳು. ಮೇ ೨೯ರಂದು ನಾಯಕಿಯ ಪಾತ್ರಧಾರಿ ರೋಸನ್ ಬಾರ್, ಅಧ್ಯಕ್ಷ ಒಬಾಮರಿಗೆ ಸಲಹೆಗಾರ್ತಿಯಾಗಿದ್ದ ವ್ಯಾಲರಿ ಜಾರೆಟ್ ಎಂಬ ಕಪ್ಪು ಮಹಿಳೆಯನ್ನು ಕಪಿಗೆ ಹೋಲಿಸುವ ಮಾತನ್ನು ಟ್ವಿಟರಿನಲ್ಲಿ ಬರೆದರು. ಕೆಲವೇ ಗಂಟೆಗಳಲ್ಲಿ ಡಂಜಿಯವರ ಹೆಸರಿನಲ್ಲಿ ಒಂದು ಚಿಕ್ಕ ಹೇಳಿಕೆ ಹೊರಬಿತ್ತು. ಆ ಮಾತು ಅಸಹ್ಯವಾದುದು, ತಮ್ಮ ಮೌಲ್ಯಗಳಿಗೆ ಹೊಂದದ್ದು, ಆದ್ದರಿಂದ ಧಾರಾವಾಹಿಯನ್ನು ನಿಲ್ಲಿಸಲಾಗಿದೆ ಎಂದು. ತಮ್ಮ ಜಾಲದ ಲಾಭದ ಸರಕನ್ನು ಅವರು ಅಂಗಡಿಯಿಂದ ಎತ್ತಿ ಹೊರಗಿಟ್ಟರು. ಡಿಸ್ನಿಯ ಮುಖ್ಯಸ್ಥರ ಬೆಂಬಲ ಅದಕ್ಕಿತ್ತು, ಅದಿಲ್ಲದೆ ಅಂತಹ ತೀರ್ಮಾನ ಆಗುವುದೂ ಇಲ್ಲ. ಆದರೂ ಆ ಹೇಳಿಕೆಯ ಕೆಳಗೆ ಒಬ್ಬ ಕಪ್ಪು ಹೆಣ್ಣುಮಗಳ ಹೆಸರಿದ್ದುದನ್ನು ಆ ದೇಶ ಗಮನಿಸಿತು. ಗಮನಿಸಬೇಕಾದ್ದೇ ಅದು.

ನಾವು ಇಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಬೇಕು. ಒಬ್ಬರ ನಾಲಿಗೆಯ ತಪ್ಪಿಗೆ ಧಾರಾವಾಹಿ ನಿಂತಿತು, ಸರಿಯೇ. ಬಡಗಿಗಳು, ದರ್ಜಿಗಳು, ವಿದ್ಯುತ್ ಕೆಲಸದವರು, ಲೇಖಕರು, ಇವರು ಏನು ತಪ್ಪು ಮಾಡಿದ್ದರು? ಒಡತಿ ಆಡಿದ ಮಾತಿಗೆ ಆಳುಗಳ ಸಂಬಳ ನಿಂತಂತಾಯಿತು. ಆದರೆ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಜೂನ್ ತಿಂಗಳಲ್ಲೇ ಹೊಸ ಏರ್ಪಾಟಾಯಿತು. ರೋಸನ್ ಬಾರ್ ಅವರಿಗೆ ಹಣದ ಪಾಲಾಗಲಿ ಬರವಣಿಗೆಯ ಹಿಡಿತವಾಗಲಿ ಇಲ್ಲದಂತೆ ಒಪ್ಪಂದ ಮಾಡಿಕೊಂಡು, ಉಳಿದ ಸಂಸಾರವನ್ನು ಇಟ್ಟುಕೊಂಡು 'ದ ಕಾನರ್ಸ್' ಎಂಬ ಹೆಸರಿನಲ್ಲಿ ಅಕ್ಟೋಬರಿನಲ್ಲಿ ಮತ್ತೆ ಶುರುಮಾಡಿದರು. ಕೆಲಸಗಾರರ ಕೆಲಸ ಉಳಿಯಿತು. ಆ ಧಾರಾವಾಹಿ ಏಳು ಸರಣಿ ನಡೆದು ೨೦೨೫ರ ಏಪ್ರಿಲಿನಲ್ಲಿ ಮುಗಿಯಿತು. ಅಪರಾಧಕ್ಕೆ ಶಿಕ್ಷೆ, ನಿರಪರಾಧಿಗೆ ಕೂಲಿ, ಎರಡನ್ನೂ ಒಟ್ಟಿಗೆ ಸಾಧಿಸಲು ಮನಸ್ಸಿದ್ದರೆ ದಾರಿಯುಂಟು ಎಂಬುದಕ್ಕೆ ಇದನ್ನು ನೆನಪಿಡಬಹುದು.

ಹಾಗೆಂದು ಡಂಜಿಯವರ ಕಾಲದಲ್ಲಿ ಎಲ್ಲವೂ ನೆಟ್ಟಗೇ ನಡೆಯಿತೆಂದು ಹೇಳಲಾರೆವು. ಅದೇ ೨೦೧೮ರ ಫೆಬ್ರವರಿಯಲ್ಲಿ, 'ಬ್ಲ್ಯಾಕ್-ಇಶ್' ಎಂಬ ಧಾರಾವಾಹಿಯ ಒಂದು ಕಂತು ಪ್ರಸಾರವಾಗದೆ ನಿಂತಿತು. ಕಪ್ಪು ಲೇಖಕ ಕೆನ್ಯಾ ಬ್ಯಾರಿಸ್ ಅವರ ಧಾರಾವಾಹಿ ಅದು. ತಂದೆಯೊಬ್ಬ ಹಸುಗೂಸನ್ನು ಮಲಗಿಸುತ್ತ ಆ ವರ್ಷದ ಅಮೆರಿಕದ ಸಂಗತಿಗಳನ್ನು ಕಥೆಯಂತೆ ಹೇಳುವ ಕಂತು. ಅಭಿಪ್ರಾಯಭೇದ ಎಂದು ಎರಡು ಕಡೆಯವರೂ ಹೇಳಿದರು. ವರ್ಷ ಮುಗಿಯುವ ಮುನ್ನ ಬ್ಯಾರಿಸ್ ಬೇರೆ ಸಂಸ್ಥೆಗೆ ಹೊರಟುಹೋದರು. ಆ ಕಂತು ಜನರ ಕಣ್ಣಿಗೆ ಬಿದ್ದದ್ದು ೨೦೨೦ರ ಆಗಸ್ಟಿನಲ್ಲಿ, ಡಂಜಿ ಎ.ಬಿ.ಸಿ. ಬಿಟ್ಟು ಎರಡು ವರ್ಷಗಳಾಗುತ್ತ ಬಂದಿದ್ದಾಗ. ಅಸ್ತು ಎನ್ನುವ ಕುರ್ಚಿಯಲ್ಲಿ ಕುಳಿತವರು 'ಬೇಡ' ಎನ್ನುವ ಕೆಲಸವನ್ನೂ ಮಾಡಬೇಕಾಗುತ್ತದೆ. ಕುಳಿತವರ ಬಣ್ಣ ಯಾವುದಾದರೂ ಕುರ್ಚಿ ಕಂಪೆನಿಯದು.

೨೦೧೮ರ ನವೆಂಬರಿನಲ್ಲಿ ಡಂಜಿ ಎ.ಬಿ.ಸಿ.ಯಿಂದ ಹೊರಬಂದರು. ಮರುತಿಂಗಳೇ ನೆಟ್‌ಫ್ಲಿಕ್ಸ್ ಕರೆಯಿತು. ಶೋಂಡಾ ರೈಮ್ಸ್, ಕೆನ್ಯಾ ಬ್ಯಾರಿಸ್ ಇವರೆಲ್ಲ ಆಗಲೇ ಅಲ್ಲಿಗೆ ಬಂದಿದ್ದರು. ಅವರೊಡನೆ ಕೆಲಸ ಮಾಡುವ ಹೊಣೆ ಮತ್ತೆ ಇವರಿಗೇ ಬಂತು. ೨೦೨೧ರ ಆರಂಭದಲ್ಲಿ ವಾರ್ನರ್ ಬ್ರದರ್ಸ್ ಟೆಲಿವಿಷನ್ ಸಮೂಹದ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಹಿಂದೆ ಅದೇ ಸಂಸ್ಥೆಯ ಚಿತ್ರವಿಭಾಗದಲ್ಲಿ ಅಧಿಕಾರಿಯಾಗಿದ್ದವರು ಈಗ ಅದರ ಟೆಲಿವಿಷನ್ ಕಾರ್ಖಾನೆಗೇ ಒಡೆಯರಂತೆ ಬಂದರು. 'ಒಡೆಯರಂತೆ' ಎಂಬ ಮಾತನ್ನು ಗಮನದಲ್ಲಿಡಿ.

ಅವರ ಅಧ್ಯಕ್ಷತೆಯ ಮೊದಲ ವರ್ಷದ ಕೊನೆಗೆ 'ಅಬಟ್ ಎಲಿಮೆಂಟರಿ' ಬಂದಿತು. ಫಿಲಡೆಲ್ಫಿಯ ನಗರದ ಒಂದು ಸರಕಾರಿ ಶಾಲೆ, ಪುಸ್ತಕಕ್ಕೆ ಹಣವಿಲ್ಲ, ಜಮಖಾನೆಗೆ ಹಣವಿಲ್ಲ, ಮಕ್ಕಳು ಮಾತ್ರ ತುಂಬ. ಅದರೊಳಗೆ ತಲೆಕೆಡಿಸಿಕೊಂಡು ದುಡಿಯುವ ಮೇಡಂಗಳು, ಮಾಸ್ತರರು. ಬರೆದು ನಟಿಸಿದವರು ಕ್ವಿಂಟಾ ಬ್ರನ್ಸನ್ ಎಂಬ ಕಪ್ಪು ಯುವತಿ. ಬರವಣಿಗೆಗಾಗಿ ಆಕೆಗೆ ೨೦೨೨ರಲ್ಲಿ ಎಮಿ ಸಿಕ್ಕಿತು. ೨೦೧೬ರಲ್ಲಿ ಲಂಡನ್ನಿನಲ್ಲಿ ಒಪ್ಪಿಕೊಂಡ ಕೊರತೆಯನ್ನು ಇಂತಹ ಕಥೆಗಳು ತುಂಬುತ್ತಿದ್ದವು.

ಅಷ್ಟರಲ್ಲಿ ೨೦೨೨ರ ಏಪ್ರಿಲಿನಲ್ಲಿ ಮಾಲಿಕರು ಬದಲಾದರು. ಡಿಸ್ಕವರಿ ಎಂಬ ಕಂಪೆನಿಯೊಡನೆ ವಾರ್ನರ್ ಕೂಡಿಕೊಂಡು 'ವಾರ್ನರ್ ಬ್ರದರ್ಸ್ ಡಿಸ್ಕವರಿ' ಆಯಿತು. ಹೊಸ ಕಂಪೆನಿಯ ತಲೆಯ ಮೇಲೆ ಐದು ಸಾವಿರ ಕೋಟಿ ಡಾಲರಿಗೂ ಮೀರಿದ ಸಾಲ. ಅದರ ಮುಖ್ಯಸ್ಥರಾದ ಡೇವಿಡ್ ಜ್ಯಾಸ್ಲಾವ್ ಅವರಿಗೆ ೨೦೨೧ರಲ್ಲಿ ಡಿಸ್ಕವರಿ ಲೆಕ್ಕ ಹಾಕಿದ ಸಂಭಾವನೆ, ಹೆಚ್ಚಿನಂಶ ಷೇರು ಹಕ್ಕುಗಳ ರೂಪದಲ್ಲಿ, ಸುಮಾರು ೨೪ ಕೋಟಿ ೬೦ ಲಕ್ಷ ಡಾಲರು. ಸಾಲ ತೀರಿಸುವವರು ಯಾರು? ಇದನ್ನು ಗಿರಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

೨೦೨೨ರ ಅಕ್ಟೋಬರಿನಲ್ಲಿ ಡಂಜಿಯವರ ಟೆಲಿವಿಷನ್ ಸಮೂಹದಲ್ಲಿ ೮೨ ಮಂದಿಯನ್ನು ಕೆಲಸದಿಂದ ತೆಗೆದರು. ಖಾಲಿ ಇದ್ದ ೪೩ ಸ್ಥಾನಗಳನ್ನು ತುಂಬುವುದಿಲ್ಲ ಎಂದರು. ಒಟ್ಟು ೧೨೫ ಸ್ಥಾನಗಳು, ಸಮೂಹದ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ. ಅದೇ ಏಟಿಗೆ ಇನ್ನೊಂದನ್ನೂ ಮುಚ್ಚುವುದಾಗಿ ಗೊತ್ತಾಯಿತು. ಹೊಸ ಲೇಖಕರಿಗೂ ನಿರ್ದೇಶಕರಿಗೂ ಕೆಲಸ ಕಲಿಸಿ ಉದ್ಯಮದೊಳಕ್ಕೆ ಬಿಡುತ್ತಿದ್ದ, ನಾಲ್ಕು ದಶಕಕ್ಕೂ ಹಳೆಯದಾದ ವಾರ್ನರ್ ಟೆಲಿವಿಷನ್ ತರಬೇತಿ ಶಾಲೆ ಅದು. ಕಪ್ಪು ಜನರಿಗೂ ಹೆಂಗಸರಿಗೂ ಬಡವರ ಮನೆಯಿಂದ ಬಂದವರಿಗೂ ಒಳಗೆ ಬರಲು ಇದ್ದ ಕೆಲವೇ ಬಾಗಿಲುಗಳಲ್ಲಿ ಅದೂ ಒಂದು. ಬಾಗಿಲು ದಾಟಿ ಮೇಲೇರಿದ ಒಬ್ಬರು ಅಧ್ಯಕ್ಷರಾಗಿರುವಾಗಲೇ ಬಾಗಿಲಿಗೆ ಬೀಗ ಬೀಳುವುದಿತ್ತು!

ಇದನ್ನು ಕೇಳಿ ಡಂಜಿಯವರನ್ನು ಬೈಯಲು ಹೊರಡಬೇಡಿ. ಸಾಲವನ್ನು ಮಾಡಿದವರು ಅವರಲ್ಲ. ಕಂಪೆನಿಗಳನ್ನು ಕೂಡಿಸಿದವರು ಅವರಲ್ಲ. ಕಥೆಗೆ ಅಸ್ತು ಎನ್ನುವ ಅಧಿಕಾರ ಅವರಿಗಿತ್ತು, ಲೆಕ್ಕದ ಪುಸ್ತಕಕ್ಕೆ ಅಸ್ತು ಎನ್ನುವ ಅಧಿಕಾರ ಬೇರೆಯವರಲ್ಲಿತ್ತು. ಒಡೆಯರಂತೆ ಕುಳಿತವರು ಬೇರೆ, ಒಡೆಯರು ಬೇರೆ. ಮೇಸ್ತ್ರಿಯ ಕುರ್ಚಿಗೂ ಮಾಲಿಕನ ತಿಜೋರಿಗೂ ನಡುವೆ ಇರುವ ಗೋಡೆ, ಕುರ್ಚಿ ಎಷ್ಟೇ ಎತ್ತರವಾದರೂ, ಹಾಗೆಯೇ ನಿಲ್ಲುತ್ತದೆ.

ಆ ತರಬೇತಿ ಶಾಲೆಗೆ ಮುಂದೇನಾಯಿತು? ನಿರ್ದೇಶಕರ ಸಂಘ ತಕ್ಷಣ ಗದ್ದಲವೆಬ್ಬಿಸಿತು. ಕಂಪೆನಿ ತನ್ನ ಮಾತನ್ನು ನುಂಗಿಕೊಂಡಿತು. ಶಾಲೆಯನ್ನು ಮುಚ್ಚುವುದಿಲ್ಲ, ಬೇರೊಂದು ಶಾಖೆಯ ಕೆಳಗೆ ನಡೆಸುತ್ತೇವೆ ಎಂದು ಒಂದೆರಡು ದಿನಗಳಲ್ಲೇ ಹೇಳಿತು. ಕುರ್ಚಿಯಿಂದ ಆಗದ ಕೆಲಸ ಸಂಘದಿಂದ ಆಯಿತು.

ಮರುವರ್ಷ ದೊಡ್ಡ ಹೋರಾಟವೇ ನಡೆಯಿತು. ೨೦೨೩ರ ಮೇ ೨ರಂದು ಅಮೆರಿಕದ ಚಿತ್ರ ಮತ್ತು ಟೆಲಿವಿಷನ್ ಲೇಖಕರು ಮುಷ್ಕರ ಹೂಡಿದರು. ಜುಲೈ ೧೪ರಿಂದ ನಟನಟಿಯರೂ ಕೂಡಿಕೊಂಡರು. ಹೊಸ ಬಗೆಯ ಪ್ರಸಾರದಲ್ಲಿ ಮರುಪ್ರದರ್ಶನದ ಪಾಲು ಬತ್ತಿಹೋಗಿದೆ, ಲೇಖಕರನ್ನು ಕೆಲವೇ ವಾರ ದುಡಿಸಿ ಕಳಿಸುತ್ತಾರೆ, ಯಂತ್ರಬುದ್ಧಿ ನಮ್ಮ ಕೆಲಸವನ್ನು ತಿನ್ನುತ್ತದೆ ಎಂಬುದು ಅವರ ದೂರು. ಲೇಖಕರು ೧೪೮ ದಿನ, ನಟರು ೧೧೮ ದಿನ ನಿಂತರು. ಡಂಜಿಯವರ ಕಂಪೆನಿ ಮಾಲಿಕರ ಕೂಟದಲ್ಲಿತ್ತು. ಅವರು ಅಸ್ತು ಎಂದು ಬೆಳೆಸಿದ ಲೇಖಕರು, ನಟಿಯರು ಗೇಟಿನ ಹೊರಗೆ ಬಿಸಿಲಲ್ಲಿ ಫಲಕ ಹಿಡಿದು ನಡೆಯುತ್ತಿದ್ದರು. ಕೊನೆಗೆ ಪಾಲು ಹೆಚ್ಚಿತು, ಒಂದು ಧಾರಾವಾಹಿಗೆ ಕನಿಷ್ಠ ಇಷ್ಟು ಲೇಖಕರೆಂಬ ನಿಯಮ ಬಂದಿತು, ಯಂತ್ರದ ಬಳಕೆಗೆ ಕಟ್ಟು ಬಿದ್ದಿತು. ಇದನ್ನು ಕೊಟ್ಟವರು ಯಾವ ಅಧ್ಯಕ್ಷರೂ ಅಲ್ಲ. ಜನ ಒಟ್ಟಾಗಿ ನಿಂತು ಪಡೆದದ್ದು.

ಸೋದರಿಯರೇ, ಬಂಧುಗಳೇ, ನಾವು ಹೇಳಬೇಕಾದ್ದು ಇಷ್ಟೆ. ನಮ್ಮವರು ಮೇಲೇರುವುದು ಬೇಡವೆಂದು ಹೇಳುವವರು, ಸೌಟು ಹಿಡಿದೇ ಇರಿ ಎಂದು ಹೇಳಿದಂತೆ. ನಿಮ್ಮ ಹೆಣ್ಣುಮಕ್ಕಳು ಓದಲಿ, ಆ ಬದಿಯ ಕುರ್ಚಿಗೂ ಹೋಗಲಿ. ಹೋದಾಗ ಹೊಟ್ಟೆಕಿಚ್ಚು ಪಡಬೇಡಿ. ಆದರೆ ಅವರು ಹೋದರೆಂದು ಈ ಬದಿಯ ಸಂಘದ ಚಂದಾವನ್ನು ನಿಲ್ಲಿಸಬೇಡಿ. ಕುರ್ಚಿಯಲ್ಲಿರುವವರಿಗೆ ನಮ್ಮ ನೆನಪು ಇದ್ದರೆ ಸಂತೋಷ. ನೆನಪಿದ್ದೂ ಕೈಕಟ್ಟಿದ್ದರೆ, ಆ ಕಟ್ಟನ್ನು ಬಿಚ್ಚುವ ಬಲ ಕೆಳಗಿನಿಂದಲೇ ಬರಬೇಕು.

ಕಳೆದ ಸಭೆಯ ಬಾಕಿ ತೀರಿತೆಂದು ಭಾವಿಸುತ್ತೇವೆ. ತೀರಲಿಲ್ಲವಾದರೆ ಆ ಸೋದರಿ ಮುಂದಿನ ಭಾನುವಾರ ಮತ್ತೆ ಎದ್ದು ನಿಂತು ಕೇಳಲಿ. ಎರಡನೇ ಪಾಳಿಯವರು ಈಗ ಹೊರಡಬಹುದು.